ಹಲಗೆ ಮಲಗಿಸಬೇಕೋ, ನಿಲ್ಲಿಸಬೇಕೋ?

ಪ್ರಶ್ನೆ: ಮಗ ಮಲೇಷ್ಯಾದ ಜೋಹೋರಿನಲ್ಲಿ ಅಡುಗೆಮನೆ ಕಪಾಟು ಕೂರಿಸುವ ಕೆಲಸಕ್ಕಿದ್ದಾನೆ. ವ್ಯಾನಿಗೆ ಪ್ಲೈವುಡ್ ತುಂಬುವುದು ಹೇಗೆ?

ಉತ್ತರ: ಪೀಠೋಪಕರಣಕ್ಕೆ ಹೆಸರಾದ ಮುವಾರ್ ಅಲ್ಲೇ ಇದೆ, ಕೇಳಿ ಕಲಿಯಲು ಜನರಿಗೇನು ಬರ! 8×4 ಅಡಿಯ 18 ಮಿ.ಮೀ. ಹಾಳೆಯೊಂದೇ 30 ಕಿಲೋ ಆಸುಪಾಸು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಇನ್ನೂ ಭಾರ. ಹತ್ತು ಹಾಳೆ ಸಡಿಲವಾಗಿದ್ದು ಗಕ್ಕನೆ ಬ್ರೇಕ್ ಬಿದ್ದರೆ, ಮೂರು ಕ್ವಿಂಟಾಲು ಚಾಲಕನ ಬೆನ್ನಿಗೇ. ಜಾಗವಿದ್ದರೆ ಮಲಗಿಸುವುದೇ ಮೇಲು: ಭಾರ ತಳದಲ್ಲಿ ಕೂರುತ್ತದೆ. ಮುಂದಿನ ತಡೆಗೋಡೆಗೆ ಒತ್ತರಿಸಿ ಪಟ್ಟಿ ಬಿಗಿಯಲಿ. ಅಗಲ ಸಾಲದಿದ್ದರೆ ಪಕ್ಕದ ಗೋಡೆಗೆ ಆನಿಸಿ ನಿಲ್ಲಿಸಿ, ಎರಡು ಕಡೆ ಕಟ್ಟಲಿ. ಗ್ರಾನೈಟ್ ಕಟ್ಟೆಹಾಸನ್ನು ಮಾತ್ರ ಮಲಗಿಸಕೂಡದು. ರಸ್ತೆಗುಂಡಿಯೊಂದು ಸಾಕು, ನಡುವೆ ಸೀಳಲು. ಅಲ್ಲಿನ ಮಳೆ ಹೇಳಿ ಕೇಳಿ ಬರುವುದಿಲ್ಲ. ಎಂಡಿಎಫ್ ಅಂಚು ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯದು, ಟಾರ್ಪಾಲು ಕೈಗೆ ಸಿಗುವಲ್ಲೇ ಇರಲಿ. ಮೊದಲು ಬೇಕಾದದ್ದನ್ನು ಕೊನೆಗೆ ತುಂಬಲಿ.