ಒಂದು ಷೇರು, ಹಲವು ಬೆಲೆ

ಮಧ್ಯಾಹ್ನ ಮೂರೂವರೆಗೆ ಷೇರುಪೇಟೆಯ ವ್ಯವಹಾರ ನಿಂತಾಗ ಮೊಬೈಲಿನ ಪರದೆಯ ಮೇಲೆ 412 ರೂಪಾಯಿಯೆಂದು ಕಣ್ಣಾರೆ ಕಂಡ ಷೇರೊಂದು ಮರುದಿನದ ಪತ್ರಿಕೆಯ ಧಾರಣೆಪಟ್ಟಿಯಲ್ಲಿ 408 ಎಂದು ಅಚ್ಚಾಗಿರುವುದನ್ನು ನೋಡಿ, ಎರಡರಲ್ಲೊಂದು ಸುಳ್ಳಾಗಿರಲೇಬೇಕೆಂದು ಶಂಕಿಸುವ ಗೃಹಸ್ಥರು ಕಡಮೆಯೇನಲ್ಲ. ಆದರೆ ಎರಡೂ ನಿಜವಾಗಿರಬಹುದು.

ಪರದೆಯ ಅಂಕಿ ಕಟ್ಟಕಡೆಯದಾಗಿ ಕುದುರಿದ ಒಂದು ವ್ಯಾಪಾರದ ದರ. ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾಗಲಿ, 1875ರಷ್ಟು ಹಿಂದೆಯೇ ಹುಟ್ಟಿದ ಬಿಎಸ್‌ಇ ಆಗಲಿ, ದಿನದ ಮುಕ್ತಾಯದ ಬೆಲೆಯೆಂದು ಬಹುಕಾಲದಿಂದ ಘೋಷಿಸುತ್ತ ಬಂದಿರುವುದು ಅದನ್ನಲ್ಲ. ಮೂರು ಗಂಟೆಯಿಂದ ಮೂರೂವರೆಯ ಪರಿಯಂತ ಆ ಷೇರಿನಲ್ಲಿ ನಡೆದ ಸಮಸ್ತ ವ್ಯಾಪಾರಗಳ ದರಗಳನ್ನು, ಕೈಬದಲಾದ ಷೇರುಗಳ ಸಂಖ್ಯೆಗನುಗುಣವಾಗಿ ತೂಗಿ ತೆಗೆದ ಸರಾಸರಿಯನ್ನು. ಕಡೆಯ ಗಳಿಗೆಯಲ್ಲಿ ಯಾವನೋ ಒಬ್ಬ ಚತುರನು ಹತ್ತೇ ಷೇರುಗಳನ್ನು ದುಬಾರಿಗೆ ಕೊಂಡು, ಸಹಸ್ರಾರು ಜನರ ಆಸ್ತಿಯ ಲೆಕ್ಕವನ್ನೇ ಏರುಪೇರು ಮಾಡಬಾರದೆಂಬ ವಿವೇಕ ಈ ರೂಢಿಯ ಹಿಂದಿದೆ.

ದಿನದ ಗರಿಷ್ಠ ಬೆಲೆಯಲ್ಲಿಯೂ ಇಂಥದೇ ತೊಡಕುಂಟು. ದಲ್ಲಾಳಿ ಸಂಸ್ಥೆಗಳ ಪರದೆಗೆ ಪ್ರತಿಯೊಂದು ವ್ಯಾಪಾರವೂ ಬಂದು ತಲಪುವುದಿಲ್ಲ; ಕ್ಷಣಕ್ಕೊಮ್ಮೆ ತೆಗೆದ ಛಾಯಾಚಿತ್ರಗಳಂತೆ ಅಂಕಿಗಳು ಬರುತ್ತವೆಯಾಗಿ, ಎರಡು ಚಿತ್ರಗಳ ನಡುವೆ ಮಿಂಚಿ ಮರೆಯಾದ ದರವು ನಕ್ಷೆಯಲ್ಲಿ ಮೂಡದೆ, ಸಂಜೆ ವಿನಿಮಯ ಕೇಂದ್ರ ಪ್ರಕಟಿಸುವ ‘ಭಾವ್ ಕಾಪಿ’ಯಲ್ಲಿ ಮಾತ್ರ ಉಳಿದಿರುತ್ತದೆ.

ಇವೆಲ್ಲ ನಾಲ್ಕಾರು ರೂಪಾಯಿಗಳ ಮಾತು. ವರ್ಷಗಳು ಕಳೆದಂತೆ ಹುಟ್ಟುವ ಅಂತರವಾದರೋ ಬೆರಗುಗೊಳಿಸುವಂಥದು. ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರಿಗೆ ನೀಡಿತು; ಇಂದಿನ ನಕ್ಷೆಗಳ ಲೆಕ್ಕದಲ್ಲಿ ಆ ಬೆಲೆ ಒಂಬತ್ತು ಪೈಸೆ ಚಿಲ್ಲರೆ! ಅಂದು ಹಣ ತೆತ್ತವನು ಇದನ್ನು ಕಂಡು ನಗುವನೋ ಮುನಿಯುವನೋ ತಿಳಿಯದು. ನಡೆದುದಿಷ್ಟೆ: ಮೇಲಿಂದ ಮೇಲೆ ಬಂದ ಬೋನಸ್ ಷೇರುಗಳಿಂದಲೂ ಒಮ್ಮೆ ಆದ ಮುಖಬೆಲೆಯ ವಿಭಜನೆಯಿಂದಲೂ ಆಗಿನ ಒಂದು ಷೇರು 2018ರ ಹೊತ್ತಿಗೆ 1,024 ಷೇರುಗಳಾಯಿತು, ಹಳೆಯ ಬೆಲೆಯನ್ನು ಅಷ್ಟರಿಂದ ಭಾಗಿಸದಿದ್ದಲ್ಲಿ, ಪ್ರತಿ ಬೋನಸ್ಸಿನ ದಿನವೂ ಷೇರು ಪಾತಾಳಕ್ಕೆ ಕುಸಿದಂತೆ ನಕ್ಷೆಯಲ್ಲಿ ಕಾಣುತ್ತಿತ್ತು. 2018ರ ಆಗಸ್ಟ್ ತಿಂಗಳ ಕೊನೆಯಲ್ಲಿ 1,400 ರೂಪಾಯಿಯ ಆಸುಪಾಸಿನಲ್ಲಿದ್ದ ಇದೇ ಷೇರಿನ ನಿಮಿಷ ನಿಮಿಷದ ದರವನ್ನು ಆಗಲೇ ಬರೆದಿಟ್ಟುಕೊಂಡವನು, ಈಗಿನ ಚರಿತ್ರೆಯಲ್ಲಿ ಅದೇ ದಿನಗಳಿಗೆ ಎದುರಾಗಿ ಸುಮಾರು 700 ಎಂದು ಓದಬೇಕಾಗುತ್ತದೆ.

ಕೆಲವರು ಹಂಚಿದ ಲಾಭಾಂಶವನ್ನೂ ಹಳೆಯ ಬೆಲೆಯಿಂದ ಕಳೆಯುವರು, ಕೆಲವರು ಕಳೆಯರು. ಹೀಗಾಗಿ ಚರಿತ್ರೆ ಚರಿತ್ರೆಗಳೊಳಗೇ ಹೊಂದಾಣಿಕೆಯಿಲ್ಲ. ಅಂದು ತನ್ನ ಕೈಯಿಂದ ಹೋದ ಹಣವೆಷ್ಟೆಂದು ತಿಳಿಯಬಯಸುವವನು ನಕ್ಷೆಯನ್ನು ಬದಿಗಿಟ್ಟು, ದಲ್ಲಾಳಿಯು ಅಂದೇ ಕಳುಹಿಸಿದ ಕಾಂಟ್ರ್ಯಾಕ್ಟ್ ನೋಟನ್ನು ಹುಡುಕಿ ತೆಗೆಯುವುದು ಲೇಸು. ಅದರೊಳಗಿನ ಅಂಕಿಯನ್ನು ಯಾವ ಬೋನಸ್ಸೂ ತಿದ್ದಲಾರದು.