ಓದುವವರಿಗೂ ಬರೆಯುವವನಿಗೂ ಒಂದೇ ಬೀಗ

ಖಾತೆಯ ಪುಸ್ತಕವೊಂದನ್ನು ಹತ್ತು ಮಂದಿ ಸುತ್ತ ನಿಂತು ಏಕಕಾಲಕ್ಕೆ ಓದಿದರೆ ಪುಸ್ತಕಕ್ಕೇನೂ ಹಾನಿಯಿಲ್ಲ. ಗುಮಾಸ್ತನೊಬ್ಬನು ಜಮೆಯನ್ನು ಬರೆದು ಬಾಕಿಯನ್ನು ಇನ್ನೂ ತಿದ್ದದಿರುವ ಅರೆಗಳಿಗೆಯಲ್ಲಿ ಮತ್ತೊಬ್ಬನು ಇಣುಕಿದರೆ ಮಾತ್ರ, ಅವನಿಗೆ ದೊರೆಯುವುದು ಹಿಂದಿನ ಲೆಕ್ಕವೂ ಅಲ್ಲ, ಮುಂದಿನದೂ ಅಲ್ಲ. ಎಂದೂ ನಿಜವಾಗಿರದ ಒಂದು ಲೆಕ್ಕ. ಗಣಕಯಂತ್ರದ ಆಡಳಿತವನ್ನು ನಡೆಸತಕ್ಕ ಕರ್ನೆಲ್ಲಿನ ತೊಡಕೂ ಇದೇ ಬಗೆಯದು. ಅಲ್ಲಿ ಹಲವು ಪ್ರೊಸೆಸರುಗಳು ಒಂದೇ ಮೆಮೊರಿಯನ್ನು ಹಂಚಿಕೊಂಡು ದುಡಿಯುತ್ತವೆ.

ಸಾಮಾನ್ಯವಾದ ಬೀಗವು ಓದುವವನನ್ನೂ ಬರೆಯುವವನನ್ನೂ ಒಬ್ಬೊಬ್ಬನನ್ನಾಗಿಯೇ ಒಳಕ್ಕೆ ಬಿಡುತ್ತದೆ. ಓದುವವರೇ ಹೆಚ್ಚಾಗಿರುವಲ್ಲಿ ಇದು ವ್ಯರ್ಥ ಕಾಲಹರಣ. ಆದುದರಿಂದ ಹುಟ್ಟಿದುದು ಎರಡು ಬಗೆಯ ಪ್ರವೇಶವುಳ್ಳ ಬೀಗ: ಓದುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಬರಬಹುದು, ಬರೆಯುವವನು ಬಂದರೆ ಅವನೊಬ್ಬನೇ. 1971ರಲ್ಲಿ ಕುರ್ತ್ವಾ, ಹೇಮನ್ಸ್, ಪಾರ್ನಾಸ್ ಎಂಬ ಮೂವರು ಈ ಸಮಸ್ಯೆಯನ್ನು ವಿವರಿಸಿ, ಅದಕ್ಕೆ ಒಂದಲ್ಲ, ಎರಡು ಪರಿಹಾರಗಳನ್ನು ಕೊಟ್ಟರು. ಓದುವವರಿಗೆ ಮೊದಲ ಮನ್ನಣೆಯೆಂದರೆ, ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದು ಬರೆಯುವವನು ಹೊರಗೇ ಉಳಿದಾನು. ಬರೆಯುವವನಿಗೆ ಮೊದಲ ಮನ್ನಣೆಯೆಂದರೆ ಓದುವವರಿಗೆ ಅದೇ ಗತಿ. ಯಾರು ಕಾಯಬೇಕೆಂಬುದು ಗಣಿತ ತೀರ್ಮಾನಿಸುವ ಮಾತಲ್ಲ, ಆಡಳಿತದ ಮಾತು.

ಲಿನಕ್ಸ್ ಕರ್ನೆಲ್ಲಿನಲ್ಲಿ ಇಂತಹ ಬೀಗಗಳು ಎರಡುಂಟು. ಒಂದರಲ್ಲಿ ಕಾಯುವವನು ಬಾಗಿಲಲ್ಲೇ ಎಚ್ಚರವಾಗಿದ್ದು ಮತ್ತೆ ಮತ್ತೆ ಪರೀಕ್ಷಿಸುತ್ತಾನೆ. ಇನ್ನೊಂದರಲ್ಲಿ ಮಲಗಿ, ಎಬ್ಬಿಸಿದಾಗ ಏಳುತ್ತಾನೆ. ಮೊದಲನೆಯದು ಬಹುಕಾಲ ಓದುವವರ ಪಕ್ಷಪಾತಿಯಾಗಿತ್ತು. 2014ರ 3.16ನೆಯ ಆವೃತ್ತಿಯಲ್ಲಿ ಸರದಿಯ ಪದ್ಧತಿ ಬಂದಿತು. ಆದರೂ ಇಂಟರಪ್ಟಿನ ನಡುವೆ ಓದಬೇಕಾದವನಿಗೆ ಸರದಿಯಿಂದ ವಿನಾಯಿತಿ ಉಂಟು. ಇದು ದಾಕ್ಷಿಣ್ಯವಲ್ಲ. ಒಂದು ಪ್ರೊಸೆಸರಿನ ಕೆಲಸವು ಓದುವ ಬೀಗವನ್ನು ಹಿಡಿದಿರುವಾಗಲೇ ಇಂಟರಪ್ಟು ಅದನ್ನು ತಡೆದು ನಿಲ್ಲಿಸಿತೆನ್ನಿ. ಸರದಿಯಲ್ಲಿ ಬರೆಯುವವನೊಬ್ಬನು ಆಗಲೇ ಕಾದಿದ್ದಾನೆ. ಇಂಟರಪ್ಟಿನವನು ಅವನ ಹಿಂದೆ ನಿಂತರೆ, ಇವನು ಅವನನ್ನೂ, ಅವನು ನಿಂತುಹೋದ ಕೆಲಸವನ್ನೂ, ಆ ಕೆಲಸವು ಇವನನ್ನೂ ಕಾಯುತ್ತಾ ಮೂವರೂ ಎಂದೆಂದಿಗೂ ಕದಲರು.

ಇಷ್ಟಾದರೂ ಒಂದು ವಿಪರ್ಯಾಸ ಉಳಿಯುತ್ತದೆ. ಒಳಗೆ ಎಷ್ಟು ಮಂದಿ ಓದುತ್ತಿದ್ದಾರೆಂಬ ಎಣಿಕೆ ಬೇಕಾದ ಕಾರಣ, ಓದಲು ಬಂದವನೂ ಬಾಗಿಲಲ್ಲಿ ಅಂಕಿಯೊಂದನ್ನು ಬರೆಯಲೇಬೇಕು. ಆ ಅಂಕಿಯಿರುವ ಮೆಮೊರಿಯ ತುಣುಕು ಪ್ರತಿ ಬಾರಿಯೂ ಒಂದು ಪ್ರೊಸೆಸರಿನಿಂದ ಇನ್ನೊಂದಕ್ಕೆ ಓಡಾಡಬೇಕಾಗುತ್ತದೆ. ಓದು ಕ್ಷಣಿಕವಾದಲ್ಲಿ, ಓದಿಗಿಂತ ಹಾಜರಿಯ ಖರ್ಚೇ ಮಿಗಿಲು!

ಇದನ್ನು ತಪ್ಪಿಸಲು ಹೂಡಿದ ಉಪಾಯಗಳಲ್ಲಿ ಎರಡು ಮುಖ್ಯವಾದುವು. ಸೀಕ್‌ಲಾಕ್ ಎಂಬುದರಲ್ಲಿ ಬರೆಯುವವನು ಆರಂಭದಲ್ಲೊಮ್ಮೆ, ಮುಗಿದ ಮೇಲೊಮ್ಮೆ ಕ್ರಮಸಂಖ್ಯೆಯನ್ನು ಒಂದರಷ್ಟು ಏರಿಸುತ್ತಾನೆ. ಸಂಖ್ಯೆ ಬೆಸವಾಗಿದ್ದರೆ ಬರವಣಿಗೆ ನಡೆಯುತ್ತಿದೆ ಎಂದರ್ಥ. ಓದುವವನು ಮೊದಲೂ ಕೊನೆಯೂ ಸಂಖ್ಯೆಯನ್ನು ನೋಡಿ, ವ್ಯತ್ಯಾಸ ಕಂಡರೆ ಮತ್ತೊಮ್ಮೆ ಓದುತ್ತಾನೆ. ಹೊತ್ತು ಎಷ್ಟೆಂದು ಹೇಳುವ ಕರ್ನೆಲ್ಲಿನ ಗಡಿಯಾರಕ್ಕೆ ಇದು ಬಹಳ ಒಪ್ಪುತ್ತದೆ. 2002ರಲ್ಲಿ ಲಿನಕ್ಸಿಗೆ ಸೇರಿದ ಆರ್‌ಸಿಯು ಇನ್ನೂ ಜಾಣತನದ್ದು. ಬರೆಯುವವನು ಹಳೆಯ ಹಾಳೆಯನ್ನು ಮುಟ್ಟದೆ ಪ್ರತಿಯೊಂದನ್ನು ತೆಗೆದು, ಅದನ್ನು ತಿದ್ದಿ, ಹಳೆಯದರ ಸ್ಥಾನದಲ್ಲಿ ಇಡುತ್ತಾನೆ; ಹಳೆಯ ಹಾಳೆಯನ್ನು ಓದುತ್ತಿದ್ದವರೆಲ್ಲರೂ ಮುಗಿಸಿದ ಬಳಿಕವೇ ಅದನ್ನು ಎಸೆಯುತ್ತಾನೆ. ಓದುವವನಿಗೆ ತುಸು ಹಳೆಯ ಸುದ್ದಿ ದೊರೆತೀತು, ಅರೆಬರೆಯಾದುದು ದೊರೆಯದು.

ಎಲ್ಲ ಕಡೆಗೂ ಇದು ಸಲ್ಲದು. ಬ್ಯಾಂಕಿನ ಬಾಕಿಯಂತೆ ಈ ಕ್ಷಣದ ಸತ್ಯವೇ ಬೇಕಾದಲ್ಲಿ ಹಳೆಯ ಪ್ರತಿ ಅಪಾಯಕಾರಿ. 2011ರ 2.6.38ನೆಯ ಆವೃತ್ತಿಯಿಂದ ಈಚೆಗೆ ಕಡತದ ಹೆಸರನ್ನು ಹುಡುಕುವಾಗ ಲಿನಕ್ಸ್ ಈ ಎರಡು ಉಪಾಯಗಳನ್ನೂ ಜೊತೆಗೂಡಿಸಿಕೊಂಡು ಬೀಗವಿಲ್ಲದೆಯೇ ನಡೆಯಲು ಯತ್ನಿಸುತ್ತದೆ. ಸಂಖ್ಯೆ ತಾಳೆಯಾಗದಿದ್ದರೆ ತನ್ನ ಹಳೆಯ, ನಿಧಾನವಾದ ಬೀಗದ ದಾರಿಗೆ ಹಿಂದಿರುಗುತ್ತದೆ.