ದೊಡ್ಡವರನ್ನು ಕಾಡುವ ಸೀತಾಳೆ ಸಿಡುಬು, ಸರ್ಪಸುತ್ತು

ಸೀತಾಳೆ ಸಿಡುಬು ಮತ್ತು ಸರ್ಪಸುತ್ತು ನೋಡುವುದಕ್ಕೆ ಬೇರೆ ಬೇರೆ ಕಾಯಿಲೆಗಳು. ಎರಡಕ್ಕೂ ಕಾರಣ ಮಾತ್ರ ವ್ಯಾರಿಸೆಲ್ಲಾ ಜೋಸ್ಟರ್ ಎಂಬ ಒಂದೇ ವೈರಾಣು. ಅದು ಮೊದಲ ಸಲ ಮೈಹೊಕ್ಕಾಗ ಬರುವುದು ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್. ಗುಳ್ಳೆ ಒಣಗಿ ರೋಗಿ ಚೇತರಿಸಿಕೊಂಡರೂ ವೈರಾಣು ದೇಹ ಬಿಡುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಅಡಗಿರುತ್ತದೆ. ಇಳಿವಯಸ್ಸು, ಸಕ್ಕರೆ ಕಾಯಿಲೆ, ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆಗಳಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು.

ಉಷ್ಣವಲಯದ ದೇಶಗಳಲ್ಲಿ ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಆಗದೆ ದೊಡ್ಡವರಾದವರು ಹೆಚ್ಚು. ಅಂಥವರಿಗೆ ಕಾಫಿ ತೋಟಗಳಲ್ಲಿ ಸೋಂಕು ತಗಲುವುದು ಸುಲಭ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲು ಚಳಿಗಾಲದಲ್ಲಿ ನಡೆಯುತ್ತದೆ. ಈ ಕಾಯಿಲೆ ಏರುವುದೂ ಚಳಿಗಾಲದ ಕೊನೆಯಿಂದ ಬೇಸಗೆಯ ಹೊತ್ತಿಗೆ. ಕೊಯ್ಲಿಗೆ ಬಯಲುಸೀಮೆಯಿಂದಲೂ ಅಸ್ಸಾಮಿನಿಂದಲೂ ಬಂದ ಆಳುಗಳು ಲೈನ್ ಮನೆ ಎಂಬ ಸಾಲುಮನೆಗಳಲ್ಲಿ ಒತ್ತೊತ್ತಾಗಿ ವಾಸಿಸುತ್ತಾರೆ. ಗುಳ್ಳೆ ಕಾಣುವುದಕ್ಕೆ 1–2 ದಿನ ಮೊದಲೇ ರೋಗಿಯ ಉಸಿರಿನಿಂದ ವೈರಾಣು ಹರಡತೊಡಗುತ್ತದೆ. ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೂ ಸೋಂಕು ನಿಲ್ಲದು. ತಗಲಿದವರಲ್ಲಿ ಕಾಯಿಲೆ ತೋರುವುದು 10ರಿಂದ 21 ದಿನಗಳಲ್ಲಿ.

ಚಿಕನ್‌ಪಾಕ್ಸಿನಲ್ಲಿ ಜ್ವರ, ಮೈಕೈ ನೋವಿನ ಬೆನ್ನಿಗೇ ಎದೆ, ಬೆನ್ನು, ಮುಖದ ಮೇಲೆ ಕೆಂಪು ಚುಕ್ಕೆ ಏಳುತ್ತವೆ. ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಂದೇ ಹೊತ್ತಿಗೆ ಮೈಮೇಲಿರುವುದು ಈ ಕಾಯಿಲೆಯ ಗುರುತು. ಮಕ್ಕಳಲ್ಲಿ ಹಗುರವಾಗಿ ಹೋಗುವ ಇದು ದೊಡ್ಡವರಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು. ಬೀಡಿ ಸಿಗರೇಟು ಸೇದುವವರಿಗೆ, ಗರ್ಭಿಣಿಯರಿಗೆ ಅಪಾಯ ಇನ್ನೂ ಹೆಚ್ಚು. ಕೆಮ್ಮು, ಏದುಸಿರು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಸರ್ಪಸುತ್ತು ಶುರುವಾಗುವುದು ನೋವಿನಿಂದ. ಪಕ್ಕೆಯ ಒಂದೇ ಬದಿ ಎರಡು ಮೂರು ದಿನ ಉರಿಯುತ್ತದೆ, ಚುಚ್ಚುತ್ತದೆ. ಮೂಟೆ ಹೊತ್ತು ಉಳುಕಿತೆಂದೋ ತೋಟದ ಹುಳ ಮುಟ್ಟಿತೆಂದೋ ಸುಮ್ಮನಾಗುವುದು ಸುಲಭ. ಆಮೇಲೆ ಅದೇ ಜಾಗದಲ್ಲಿ ಪಟ್ಟಿಯಂತೆ ಗುಳ್ಳೆ ಏಳುತ್ತವೆ. ಈ ಪಟ್ಟಿ ಹಾವಿನಂತೆ ಮೈ ಸುತ್ತಿ ಹೆಡೆ ಬಾಲ ಕೂಡಿದರೆ ಜೀವ ಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಗುಳ್ಳೆ ಒಂದು ನರದ ವ್ಯಾಪ್ತಿಯಲ್ಲೇ ಇರುವುದರಿಂದ ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ನಿಜವಾದ ಭಯ ಎರಡು: ಗುಳ್ಳೆ ಮಾಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ನರನೋವು, ಹಣೆ ಅಥವಾ ಮೂಗಿನ ತುದಿಗೆ ಬಂದಾಗ ಕಣ್ಣಿಗಾಗುವ ಹಾನಿ. ಸರ್ಪಸುತ್ತಿನ ಗುಳ್ಳೆಯ ನೀರು ತಗಲಿದರೆ, ಹಿಂದೆ ಚಿಕನ್‌ಪಾಕ್ಸ್ ಆಗದವರಿಗೆ ಚಿಕನ್‌ಪಾಕ್ಸ್ ಬರಬಹುದು.

ಎರಡಕ್ಕೂ ಅಸೈಕ್ಲೋವಿರ್ ಬಗೆಯ ಮಾತ್ರೆಗಳಿವೆ. ವೈದ್ಯರು ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂನಂತೆ ದಿನಕ್ಕೆ ಐದು ಸಲ, ಏಳು ದಿನ ಕೊಡುತ್ತಾರೆ. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ಇಳಿಸುತ್ತಾರೆ. ಗುಳ್ಳೆ ಕಂಡ ಮೇಲೆ ಚಿಕನ್‌ಪಾಕ್ಸಿಗೆ 24 ಗಂಟೆಯೊಳಗೆ, ಸರ್ಪಸುತ್ತಿಗೆ 72 ಗಂಟೆಯೊಳಗೆ ಶುರುಮಾಡಿದರೆ ಗುಣ ಹೆಚ್ಚು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅಮ್ಮ ಬಂದಿದೆಯೆಂದು ಸ್ನಾನ ಬಿಡುವುದಕ್ಕಿಂತ ದಿನವೂ ಮೈ ತೊಳೆದು, ಉಗುರು ಕತ್ತರಿಸಿಕೊಂಡರೆ ಗುಳ್ಳೆ ಕೀವಾಗುವುದು ತಪ್ಪುತ್ತದೆ. ಕೆಮ್ಮಣ್ಣು, ಸೊಪ್ಪಿನ ರಸ ಬಳಿದರೆ ವೈರಾಣು ಸಾಯದು, ಹಸಿ ಗಾಯ ಕೆಡಬಹುದು.

ಚಿಕನ್‌ಪಾಕ್ಸ್ ಲಸಿಕೆಯನ್ನು ಜಪಾನಿನ ಮಿಚಿಯಾಕಿ ತಕಾಹಾಶಿ 1970ರ ದಶಕದಲ್ಲಿ ರೂಪಿಸಿದರು. ಕಾಯಿಲೆ ಆಗದ ದೊಡ್ಡವರಿಗೆ 4ರಿಂದ 8 ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ರೋಗಿಯ ಸಂಪರ್ಕಕ್ಕೆ ಬಂದ 3ರಿಂದ 5 ದಿನಗಳೊಳಗೆ ಹಾಕಿಸಿಕೊಂಡರೂ ಪ್ರಯೋಜನವಿದೆ. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಕೊಡುವಂತಿಲ್ಲ. ಸಂಪರ್ಕವಾದರೆ ಅವರು ಕೂಡಲೇ ವೈದ್ಯರನ್ನು ಕಾಣಬೇಕು. 50 ದಾಟಿದವರಿಗೆ ಸರ್ಪಸುತ್ತಿನ ಎರಡು ಡೋಸ್ ಲಸಿಕೆ 2023ರಿಂದ ಭಾರತದಲ್ಲಿ ಸಿಗುತ್ತಿದೆ. ಬೆಲೆ ದುಬಾರಿ.

ಲಸಿಕೆ ಎಲ್ಲರ ಕೈಗೆಟುಕದ ಕಡೆ ಬೇಗ ಗುರುತಿಸುವುದೇ ದೊಡ್ಡ ರಕ್ಷಣೆ. ಆಳಿಗೆ ಗುಳ್ಳೆ ಕಂಡ ದಿನವೇ ಕೆಲಸದಿಂದ ಬಿಡುವು ಕೊಟ್ಟು, ಪ್ರತ್ಯೇಕ ಕೋಣೆ ಒದಗಿಸಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ತೋಟದ ಮಾಲೀಕರ ಹೊಣೆ.